ಬೊಂಬೆ ಕೊಟ್ಟ ಹಲ್ಲು

ಮೆಡಿಕಲ್ ಕಾಲೇಜಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕಲಿಯುವ ಡಾಕ್ಟರುಗಳಿಗೆಂದು ಒಂದು ರಬ್ಬರ್ ಬೊಂಬೆಯಿತ್ತು. ಗಂಟಲಿಗೆ ಉಸಿರಿನ ಕೊಳವೆ ಇಳಿಸುವುದನ್ನು ಅವರು ಮೊದಲು ಅದರ ಬಾಯಲ್ಲೇ ಕಲಿಯುತ್ತಿದ್ದರು. ನಾಲಿಗೆಯನ್ನು ಎತ್ತಿ ಹಿಡಿದು ದಾರಿ ತೋರುವ ಉಕ್ಕಿನ ಲ್ಯಾರಿಂಗೋಸ್ಕೋಪು ಒಂದು ದಿನ ಬೊಂಬೆಯನ್ನು ಹಂಗಿಸಿತು: "ನಾನು ಆಪರೇಷನ್ ಥಿಯೇಟರಿಗೆ ಹೋಗುವವನು. ನೀನೋ, ಮುರಿದ ಹಲ್ಲಿಟ್ಟುಕೊಂಡು ಇಲ್ಲೇ ಬಿದ್ದಿರುತ್ತೀಯ."

"ಮುರಿದದ್ದು ನೀನೇ," ಎಂದಿತು ಬೊಂಬೆ. "ಡಾಕ್ಟರ್ ಮೇದಿನಿ ನಿನ್ನನ್ನು ಮೇಲಕ್ಕೆತ್ತುವ ಬದಲು ನನ್ನ ಹಲ್ಲಿಗೆ ಆನಿಸಿ ಮೀಟಿದಳು. 'ಇದು ಮನುಷ್ಯರ ಬಾಯಾಗಿದ್ದರೆ?' ಎಂದರು ಪ್ರೊಫೆಸರು."

ಕೆಲವು ವಾರಗಳ ನಂತರ ಆಪರೇಷನ್ ಥಿಯೇಟರಿನಲ್ಲಿ ಅದೇ ಮೇದಿನಿಯ ಮುಂದೆ ಮುದುಕರೊಬ್ಬರು ಮಲಗಿದ್ದರು. "ತಾಯಿ, ನಾನು ನಾಗಸ್ವರ ನುಡಿಸುವವನು. ಮುಂದಿನ ಹಲ್ಲು ಜೋಪಾನ," ಎಂದರು.

ಅವರು ನಿದ್ದೆಹೋದ ಮೇಲೆ ಮೇದಿನಿ ಲ್ಯಾರಿಂಗೋಸ್ಕೋಪನ್ನು ಬಾಯೊಳಗಿಟ್ಟಳು. ಕೈ ಮೀಟಲು ಹೊರಟು ಥಟ್ಟನೆ ನಿಂತಿತು. "ಬೊಂಬೆಯ ಹಲ್ಲು," ಎಂದು ತನಗೇ ಹೇಳಿಕೊಂಡು ಅವಳು ಮೀಟದೆ ಮೇಲಕ್ಕೆತ್ತಿದಳು. ಕೊಳವೆ ಸರಾಗವಾಗಿ ಇಳಿಯಿತು.

ಎಚ್ಚರವಾದಾಗ ಮುದುಕರು ಹಲ್ಲುಗಳ ಮೇಲೆ ನಾಲಿಗೆಯಾಡಿಸಿ ನೋಡಿಕೊಂಡು, ಎರಡೂ ಕೈ ಜೋಡಿಸಿ ಮುಗಿದರು.

ಲ್ಯಾರಿಂಗೋಸ್ಕೋಪು ಮರಳಿ ಬಂದು ಬೊಂಬೆಗೆ ತಲೆಬಾಗಿತು. "ಅಣ್ಣಾ, ಅವರ ನಮಸ್ಕಾರ ನಿನಗೆ ಸೇರಬೇಕಾದದ್ದು. ಒಪ್ಪಿಸಲು ಬಂದೆ."

"ಸಂತೋಷ," ಎಂದಿತು ಬೊಂಬೆ. "ನಾಳೆ ಹೊಸ ಡಾಕ್ಟರುಗಳು ಬರುತ್ತಾರಂತೆ. ಬರಲಿ, ನನ್ನ ಬಾಯಲ್ಲಿ ಇನ್ನೂ ಹಲ್ಲುಗಳಿವೆ."