ಗೊರವಂಕಕ್ಕೆ ಹೆಣೆದ ಗೂಡು

ಕಾಡಿಗೆ ಬೆಂಕಿ ಬಿದ್ದು ಮನೆ ಕಳೆದುಕೊಂಡ ಗೊರವಂಕವೊಂದು ಗೀಜಗಗಳಿದ್ದ ಈಚಲ ಮರಕ್ಕೆ ಬಂತು.

“ಅಣ್ಣ, ಇಂದೋ ನಾಳೆಯೋ ಮೊಟ್ಟೆ ಇಡಬೇಕು. ಕಾಂಡದಲ್ಲಿರುವ ಆ ಖಾಲಿ ಪೊಟರೆ ಕೊಟ್ಟರೆ ಸಾಕು,” ಎಂದು ಹಿರಿಯ ಗೀಜಗವನ್ನು ಕೇಳಿತು.

“ಪೊಟರೆಯೇ? ನಮ್ಮ ಮರಕ್ಕೆ ಬಂದವಳು ಪೊಟರೆಯಲ್ಲಿದ್ದರೆ ನಮ್ಮ ಮರ್ಯಾದೆ ಏನಾಗಬೇಕು, ತಂಗಿ!”

ಗೀಜಗಗಳೆಲ್ಲ ಸೇರಿ ಸಂಜೆಯೊಳಗೆ ತಮ್ಮ ಗೂಡುಗಳಂಥದೇ ತೂಗುಗೂಡು ಹೆಣೆದವು. ಅದರ ಕಿರಿದಾದ ಬಾಗಿಲಲ್ಲಿ ಗೊರವಂಕ ಸಿಕ್ಕಿಕೊಂಡಿತು.

“ಸ್ವಲ್ಪ ಹೊಟ್ಟೆ ಒಳಗೆಳೆದುಕೋ,” ಎಂದಿತು ಹಿರಿಯ ಗೀಜಗ.

“ಹೊಟ್ಟೆಯಲ್ಲಿ ಮೊಟ್ಟೆಯಿದೆಯಪ್ಪ!” ಎಂದು ಗೊರವಂಕ ಕೊಸರಿಕೊಂಡು ಹೊರಬಂದು ನೇರ ಪೊಟರೆಗೆ ನುಗ್ಗಿತು.

ಗೀಜಗ ಪೊಟರೆಯ ಬಾಯಲ್ಲೇ ಕುಳಿತು, “ಎಷ್ಟು ಮಾಡಿದರೂ ಇವರಿಗೆ ಉಪಕಾರಸ್ಮರಣೆ ಇಲ್ಲ,” ಎಂದು ಗೊಣಗಿತು.

“ಸ್ಮರಣೆ ಆಮೇಲೆ, ಅಣ್ಣ. ಮೊದಲು ಬಾಗಿಲು ಬಿಟ್ಟು ಸರಿ, ನಾನು ಹುಲ್ಲು ತರಬೇಕು,” ಎಂದಿತು ಗೊರವಂಕ.