ಅಂಗೈ ಅಗಲದ ನಗು

“ಗುರುಗಳೇ, ಇಬ್ಬರು ಮಾತು ಬಿಟ್ಟಿದ್ದಾರೆ. ತಪ್ಪು ಯಾರದೆಂದು ಯಾರಿಗೂ ತಿಳಿಯದು. ಹಾಗಿದ್ದಾಗ ಮೊದಲು ಮಾತಾಡಬೇಕಾದವರು ಯಾರು?” ಎಂದು ಅಡಿವೆಪ್ಪ ಕೇಳಿದ.

ಅಡಿವೆಪ್ಪ ಮಠ ಸೇರಿ ನಾಲ್ಕು ವರ್ಷವಾಗಿತ್ತು. ಪ್ರಶ್ನೆಯನ್ನು ಶಾಸ್ತ್ರದ ಸಂದೇಹದಂತೆ ಕೇಳಿದ. ಆದರೆ ಕೇಳುವಾಗ ಗುರುವಿನ ಮುಖ ನೋಡಲಿಲ್ಲ.

ಗುರು ಸ್ವಲ್ಪ ಹೊತ್ತು ಅವನನ್ನೇ ನೋಡಿದರು. “ಕೂತ್ಕೋ ಮರಿ. ಶಾಸ್ತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಒಂದು ಕತೆ ಕೇಳು,” ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಗಂಟುಮುಖದವನು. ಮದುವೆ ಸೀರೆ ತೋರಿಸುವಾಗಲೂ ಅವನ ಮುಖ ತೂಕದ ಕಲ್ಲಿನ ಹಾಗೆ. ಅವನಿಗೆ ಒಬ್ಬಳೇ ಮಗಳು. ಅವಳು ಓದಲಿಕ್ಕೆ ದೂರದ ಊರಿನ ಹಾಸ್ಟೆಲಿಗೆ ಹೊರಟಳು. ಅಪ್ಪ ಲ್ಯಾಪ್‌ಟಾಪ್ ಕೊಡಿಸಿದ. ಈಗಿನ ಮಕ್ಕಳು ತಮಗೆ ಬೇಕಾದ ಚಿತ್ರವನ್ನು ಅಚ್ಚು ಹಾಕಿಸಿ ಅದರ ಮುಚ್ಚಳಕ್ಕೆ ಅಂಟಿಸುತ್ತಾರೆ. ಅದಕ್ಕೆ ಸ್ಕಿನ್ ಅನ್ನುತ್ತಾರಂತೆ. ಯಾಕೆ ಅಂತ ನನ್ನನ್ನು ಕೇಳಬೇಡ.

ಮಗಳು ಒಂದೇ ಒಂದು ಚಿತ್ರ ಬೇಕೆಂದಳು. ನಾಲ್ಕು ವರ್ಷದವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತದ್ದು. ಅದರಲ್ಲಿ ಅಪ್ಪ ಬಾಯಿ ತುಂಬ ನಗುತ್ತಿದ್ದ. “ನೀನು ನಗುತ್ತಿರುವ ಫೋಟೋ ಇದೊಂದೇ ಅಪ್ಪ. ಅಲ್ಲಿ ದಿನಾ ಇದನ್ನು ನೋಡಬೇಕು ನನಗೆ,” ಎಂದಳು. ವ್ಯಾಪಾರಿ ಆಗಲಿ ಎಂದು ಮಾತು ಕೊಟ್ಟ.

ಸ್ಟಿಕ್ಕರ್ ಅಂಗಡಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಫೋನಿನಲ್ಲಿದ್ದ ಚಿತ್ರವನ್ನು ಮುಚ್ಚಳದ ಅಳತೆಗೆ ಎಳೆದು ತೋರಿಸಿದಳು. ಮುಖವೆಲ್ಲ ಚೌಕ ಚೌಕ. ನಗು ಎಲ್ಲಿದೆಯೆಂದು ಹುಡುಕಬೇಕು.

“ಅಂಗೈ ಅಗಲಕ್ಕೆ ಇದು ಸಾಕು ಸಾಹುಕಾರ್ರೇ, ಇಷ್ಟಗಲಕ್ಕೆ ಸಾಲದು. ಇಂಚಿಗೆ ಮುನ್ನೂರು ಚುಕ್ಕಿ ಬೇಕು. ಇದರಲ್ಲಿ ಐವತ್ತೂ ಇಲ್ಲ. ಹತ್ತು ಫೋನು ದಾಟಿ ಸವೆದು ಬಂದಿದೆ. ತೆಗೆದವರ ಹತ್ತಿರ ಮೂಲ ಇರುತ್ತದೆ. ಫೋನಿನಲ್ಲಿ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಮಾಡಿ ಕಳಿಸಲಿಕ್ಕೆ ಹೇಳಿ. ಒಂದು ಚುಕ್ಕಿಯೂ ಕೆಡದೆ ಬರುತ್ತದೆ,” ಎಂದಳು.

ವ್ಯಾಪಾರಿ ಫೋನನ್ನು ಜೇಬಿಗೆ ಇಳಿಸಿದ. ಆ ಚಿತ್ರ ತೆಗೆದವನು ಅವನ ತಮ್ಮ.

ತಮ್ಮನ ಹತ್ತಿರ ಮಾತು ಬಿಟ್ಟು ಆರು ವರ್ಷವಾಗಿತ್ತು. ಯಾರದೋ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಒಂದು ಮಾತು ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನು ಮೊದಲು ಆಡಿದವರು ಯಾರೆಂದು ಈಗ ಇಬ್ಬರಿಗೂ ನೆನಪಿಲ್ಲ. ತಾನು ಮೊದಲು ಮಾತಾಡಬಾರದು ಎಂಬುದು ಮಾತ್ರ ಇಬ್ಬರಿಗೂ ಚೆನ್ನಾಗಿ ನೆನಪಿದೆ. ‘ಹಿರಿಯ ನಾನು, ನಾನೇಕೆ ಬಗ್ಗಲಿ’ ಎಂದು ಇವನು. ‘ಕಿರಿಯನೆಂದು ನಾನೇ ಯಾಕೆ ಬಗ್ಗಬೇಕು’ ಎಂದು ಅವನು.

ಆಮೇಲೆ ಏನು ಮಾಡಿದ ಗೊತ್ತೇ? ತಮ್ಮನೊಬ್ಬನನ್ನು ಬಿಟ್ಟು ಬಳಗಕ್ಕೆಲ್ಲ ಫೋನು ಮಾಡಿ ಆ ಚಿತ್ರ ಕೇಳಿದ. ನಗಬೇಡ ಮರಿ, ನಾವೆಲ್ಲ ಅಂಥವರೇ. ಭಾವ ಕಳಿಸಿದ, ಚಿಕ್ಕಪ್ಪನ ಮಗ ಕಳಿಸಿದ, ಬೀಗರೂ ಕಳಿಸಿದರು. ಎಲ್ಲವೂ ನೀರು ಬೆರೆತ ಅದೇ ಹಾಲು. ಅಂಗಡಿಯವಳು ಒಂದೊಂದನ್ನೂ ಎಳೆದು ನೋಡಿ ಆಗುವುದಿಲ್ಲ ಎಂದಳು.

“ಹಾಗಾದರೆ ನಿನ್ನ ಕಂಪ್ಯೂಟರಿನಲ್ಲೇ ಸರಿ ಮಾಡಮ್ಮ,” ಎಂದ ವ್ಯಾಪಾರಿ.

ಅವಳು ಮಾಡಿದಳು. ಇಲ್ಲದ ಚುಕ್ಕಿಗಳನ್ನು ಕಂಪ್ಯೂಟರು ತಾನೇ ಊಹಿಸಿ ತುಂಬಿತು. ಚಿತ್ರ ನಿಚ್ಚಳವಾಯಿತು. ವ್ಯಾಪಾರಿ ‘ಗೆದ್ದೆ’ ಅಂದುಕೊಂಡು ಮಗಳನ್ನು ಕರೆದು ತೋರಿಸಿದ. ಅವನ ಮುಂದಿನ ಹಲ್ಲು ಒಂದು ಚಿಕ್ಕಂದಿನಲ್ಲೇ ಅರ್ಧ ಮುರಿದಿತ್ತು. ಈ ಚಿತ್ರದಲ್ಲಿ ಸಾಲಾಗಿ ಬಿಳಿ ಹಲ್ಲು. ಹುಡುಗಿ ತುಂಬ ಹೊತ್ತು ನೋಡಿದಳು.

“ಇವರು ಯಾರಪ್ಪ?” ಎಂದಳು. ಆಮೇಲೆ, ಅವನಿಗೆ ನೋವಾಗಬಾರದೆಂದು, “ಹೋಗಲಿ ಬಿಡಪ್ಪ. ಯಾವುದಾದರೂ ಹೂವಿನ ಚಿತ್ರ ಹಾಕಿಸೋಣ,” ಎಂದಳು.

ಅಯ್ಯೋ, ಆ ‘ಬಿಡಪ್ಪ’ ಎಂಬ ಮಾತನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಮಗಳು ಹಟ ಮಾಡಿದ್ದರೆ ಗದರಿಸಿ ಸುಮ್ಮನಿರಿಸುತ್ತಿದ್ದ. ಅಂಗಡಿಯ ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತು, ತಮ್ಮನಿಗೆ ಫೋನು ಮಾಡಿದ.

ತಮ್ಮ ಎತ್ತಿದ. ಸ್ವಲ್ಪ ಹೊತ್ತು ಒಬ್ಬರ ಉಸಿರು ಒಬ್ಬರಿಗೆ ಕೇಳಿಸಿತು, ಅಷ್ಟೇ.

“ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ ಫೋಟೋ... ಅದರ ಮೂಲ ಬೇಕಿತ್ತು,” ಎಂದ ವ್ಯಾಪಾರಿ.

“ಇದೆ ಅಣ್ಣ. ಜೋಪಾನವಾಗಿ ಇಟ್ಟಿದ್ದೇನೆ,” ಎಂದ ತಮ್ಮ. ಆಮೇಲೆ ತಡೆದು ತಡೆದು ಹೇಳಿದ: “ಫೋನಿನಲ್ಲಿ ಕಳಿಸಿದರೆ ಕೆಡುತ್ತದೆ. ನಾನೇ ತಂದುಕೊಡಲಾ?”

ಕೆಡದಂತೆ ಕಳಿಸುವುದು ಹೇಗೆಂದು ವ್ಯಾಪಾರಿಗೆ ಗೊತ್ತಿತ್ತು. ಅಂಗಡಿಯವಳು ಬಿಡಿಸಿ ಹೇಳಿದ್ದಳು. ಆದರೂ ಅವನು ಅದನ್ನು ತಮ್ಮನಿಗೆ ಹೇಳಲಿಲ್ಲ.

“ಹೌದಪ್ಪ, ಕೆಡುತ್ತದೆ. ನೀನೇ ಬಾ,” ಎಂದ.

ತಮ್ಮ ಮರುದಿನ ಮೊದಲ ಬಸ್ಸಿಗೆ ಬಂದ. ಮೂಲಚಿತ್ರ ಅಂಗಡಿಯ ಪರದೆಯ ತುಂಬ ಬಂತು. ಎಷ್ಟು ಎಳೆದರೂ ಕೆಡಲಿಲ್ಲ. ಮುರಿದ ಹಲ್ಲು ಮುರಿದ ಹಾಗೆಯೇ ಇತ್ತು. ಮಗಳು ಅದನ್ನು ಬೆರಳಿನಿಂದ ಮುಟ್ಟಿದಳು. “ಆವತ್ತು ಯಾಕಪ್ಪ ಅಷ್ಟು ನಗುತ್ತಿದ್ದೆ?” ಎಂದು ಕೇಳಿದಳು. ವ್ಯಾಪಾರಿಗೆ ನೆನಪಿರಲಿಲ್ಲ. ತಮ್ಮನಿಗೆ ನೆನಪಿತ್ತು. ಕ್ಯಾಮೆರಾ ಹಿಡಿದು ಆವತ್ತು ತಾನು ಆಡಿದ ಮಾತನ್ನು ಅಣ್ಣನ ಕಿವಿಯಲ್ಲಿ ಹೇಳಿದ. ಏನು ಹೇಳಿದನೋ ನನಗೂ ತಿಳಿಯದು. ವ್ಯಾಪಾರಿ ಅಂಗಡಿಯ ನಡುವೆ ನಿಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ತಮ್ಮನ ಭುಜ ಹಿಡಿದುಕೊಂಡು ನಕ್ಕ. ಎಂಥ ಚಂದ ಮರಿ, ಅದನ್ನು ನೋಡುವುದು!

ಗುರು ಕತೆ ನಿಲ್ಲಿಸಿದರು. ಅಡಿವೆಪ್ಪ ತಲೆ ತಗ್ಗಿಸಿ ಯೋಚಿಸುತ್ತಿದ್ದ.

“ಆದರೆ ಗುರುಗಳೇ, ನನ್ನ ಸಂದೇಹ ಹಾಗೇ ಉಳಿಯಿತು. ಫೋನು ಮಾಡಿದವನು ಅಣ್ಣ. ಆದರೆ ಅವನು ಕೇಳಿದ್ದು ಫೋಟೋ. ಬರುತ್ತೇನೆ ಎಂದವನು ತಮ್ಮ. ಹಾಗಾದರೆ ಮೊದಲು ಮಾತಾಡಿದವನು ಇವರಲ್ಲಿ...”

ಗುರು ಅವನ ತಲೆಯ ಮೇಲೆ ಮೆಲ್ಲಗೆ ಕೈಯಿಟ್ಟರು.

“ಅದಿರಲಿ ಮರಿ, ನೀನು ಯಾರ ಹತ್ತಿರ ಮಾತು ಬಿಟ್ಟಿದ್ದೀಯ?”