ಏರಿಯೊಳಗಿನ ಬಿದಿರು

"ಅಯ್ಯನವರೇ, ದೀಕ್ಷಾಸ್ನಾನ ಪಡೆದವನೊಬ್ಬ ಪಾಪಕ್ಕೆ ಬಿದ್ದ. ಕ್ಷಮೆ ಕೇಳಿದ, ಸಭೆ ಕ್ಷಮಿಸಿತು. ಮತ್ತೆ ಅದೇ ಪಾಪಕ್ಕೆ ಬಿದ್ದ. ಅಂಥವನಿಗೆ ಬಾಗಿಲನ್ನು ಎಷ್ಟು ಸಲ ತೆಗೆಯಬೇಕು?"

ಜಯಶೀಲ ಇದನ್ನು ಕೇಳಿದ್ದು ತಿಳಿದುಕೊಳ್ಳುವುದಕ್ಕಲ್ಲ. ಅವನಿಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದವನ ಪ್ರಶ್ನೆಯೊಳಗೆ ಉತ್ತರ ಮೊದಲೇ ಕೂತಿರುತ್ತದೆ. ಎದುರಿಗಿದ್ದವರು ಹೌದು ಎಂದರೆ ಸಾಕು. ಅವನು ಕ್ರೈಸ್ತ ಸಭೆಯ ಪಾದ್ರಿಗಳಾದ ಅಯ್ಯನವರ ಬಳಿ ಉಪದೇಶಿಯ ಕೆಲಸ ಕಲಿಯಲು ಬಂದು ಮೂರು ವರ್ಷವಾಗಿತ್ತು. ದೇವಾಲಯದ ಗೇಟಿನ ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು. ಬಂದವರನ್ನು ಒಳಗೆ ಕರೆದು ಕೂರಿಸುವುದೂ ಅವನ ಕೆಲಸವೇ.

ಸಿಟ್ಟು ಲೂಕಪ್ಪನ ಮೇಲೆ. ಲೂಕಪ್ಪ ಕುಡುಕ. ಹೋದ ವರ್ಷ ಕರ್ತನ ಭೋಜನದ ದಿನ, ಸಾರಾಯಿ ನಾರುವ ಬಾಯಲ್ಲೇ ದ್ರಾಕ್ಷಾರಸದ ಪಾತ್ರೆಗೆ ತುಟಿ ಹಚ್ಚಿದ್ದ. ಸಭೆ ಅವನನ್ನು ಆರು ತಿಂಗಳು ಹಿಂದಿನ ಬೆಂಚಿನಲ್ಲಿ ಕೂರಿಸಿತು. ಹಿಂದಿನ ಬೆಂಚು ಎಂದರೆ, ಹಾಡಬಹುದು, ಪ್ರಾರ್ಥಿಸಬಹುದು, ರೊಟ್ಟಿ ಮತ್ತು ದ್ರಾಕ್ಷಾರಸ ಮಾತ್ರ ಇಲ್ಲ. ಆರು ತಿಂಗಳಾದ ಮೇಲೆ ಅವನು ಎಲ್ಲರ ಮುಂದೆ ಮೊಣಕಾಲೂರಿ ಅತ್ತ. ತಿರುಗಿ ಸೇರುವವನ ಪಕ್ಕದಲ್ಲಿ ಒಬ್ಬರು ನಿಂತು, ಇವನ ಹೊಣೆ ನನ್ನದು ಎಂದು ಹೇಳಬೇಕೆಂಬುದು ಆ ಸಭೆಯ ರೂಢಿ. ನಿಂತು ಹಾಗೆ ಹೇಳಿದವನು ಜಯಶೀಲ.

ಈಗ ಲೂಕಪ್ಪ ಮತ್ತೆ ಕುಡಿದಿದ್ದ. ಊರಿನವರು ಜಯಶೀಲನನ್ನು ದಾರಿಯಲ್ಲಿ ನಿಲ್ಲಿಸಿ, "ಏನು ಉಪದೇಶಿಗಳೇ, ನಿಮ್ಮ ಹೊಣೆ ಹೆಂಡದಂಗಡಿ ಮುಂದೆ ಅಂಗಾತ ಮಲಗಿತ್ತಲ್ಲ" ಎಂದು ನಗುತ್ತಿದ್ದರು. ಲೂಕಪ್ಪ ಕುಡಿದದ್ದಕ್ಕಿಂತ ಈ ನಗು ಜಯಶೀಲನನ್ನು ಹೆಚ್ಚು ಸುಟ್ಟಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

"ಬೈಬಲಿನ ವಾಕ್ಯ ಹೇಳಬೇಡಿ, ಅಯ್ಯನವರೇ. ವಾಕ್ಯ ನನಗೂ ಬಾಯಿಪಾಠ ಇದೆ. ಅವನು ಗೇಟಿನ ಹೊರಗೆ ನಿಂತಿದ್ದಾನೆ. ಹೋಗು ಎಂದರೂ ಹೋಗುತ್ತಿಲ್ಲ. ನೀವೇ ಹೋಗೆಂದಿರಿ ಎಂದು ಹೇಳಿಬಿಡಲೇ?"

ಅಯ್ಯನವರು ವಾಕ್ಯ ಹೇಳಲಿಲ್ಲ. ಒಂದು ಕತೆ ಹೇಳಿದರು. ಅವರ ದನಿಯಲ್ಲೂ ಸಿಟ್ಟಿತ್ತು. ಅದು ಲೂಕಪ್ಪನ ಮೇಲಿನ ಸಿಟ್ಟೆಂದು ತಿಳಿದು ಜಯಶೀಲ ಸಮಾಧಾನದಿಂದ ಕೂತ.

ಒಂದು ಊರಿನಲ್ಲಿ ಒಂದು ಕೆರೆ. ಕೆರೆಗೆ ಒಬ್ಬ ನೀರಗಂಟಿ. ನೀರಗಂಟಿ ಎಂದರೆ ತೂಬು ತೆಗೆದು, ಮುಚ್ಚಿ, ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸುವವನು. ಅವನ ಸ್ವಂತ ಗದ್ದೆ ಕಾಲುವೆಯ ಕಟ್ಟಕಡೆಯಲ್ಲಿರಬೇಕು ಎಂಬುದು ಆ ಊರಿನ ಕಟ್ಟು. ಅವನ ಗದ್ದೆಗೆ ನೀರು ಮುಟ್ಟಿದರೆ ನಡುವಿನವರಿಗೆಲ್ಲ ಮುಟ್ಟಿದೆ ಎಂದೇ ಅರ್ಥ. ಹಿರಿಯರು ಯೋಚಿಸಿಯೇ ಮಾಡಿದ ಕಟ್ಟು. ಆದರೆ ಕಡೆಯವನಾಗಿ ಕಾಯುವುದು ನೀರಗಂಟಿಗೆ ಸಾಕಾಯಿತು. ಅವನು ಕೆರೆ ಏರಿಯ ಹಿಂದೆ, ಪೊದೆಗಳ ಮರೆಯಲ್ಲಿ, ಒಂದು ಸೌತೆಯ ಪಾತಿ ಮಾಡಿಕೊಂಡ. ಏರಿಯ ಮಣ್ಣಿನೊಳಗೆ ಬಿದಿರಿನ ಕೊಳವೆಯೊಂದನ್ನು ತೂರಿಸಿ, ಎಲ್ಲರ ನೀರನ್ನು ಕದ್ದು ಪಾತಿಗೆ ಬಿಟ್ಟುಕೊಂಡ.

ಏರಿಗೆ ತೂತು ಕೊರೆದರೆ ನೀರು ಕೊಳವೆಯ ಒಳಗೆ ಮಾತ್ರ ಹರಿಯುವುದಿಲ್ಲ, ಕೊಳವೆಯ ಸುತ್ತಲೂ ಹರಿಯುತ್ತದೆ, ಮಣ್ಣನ್ನು ಎಳೆದುಕೊಂಡೇ ಹರಿಯುತ್ತದೆ. ಎರಡು ದಿನದಲ್ಲಿ ಕೆಂಪು ನೀರು ಒಸರತೊಡಗಿತು. ನೀರಗಂಟಿಗೆ ಹೆದರಿಕೆಯಾಯಿತು. ಏರಿಗೆ ತೀರ ಹತ್ತಿರದ ಗದ್ದೆ ಒಬ್ಬ ರೈತನದು. ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದು ಅದೇ. ನೀರಗಂಟಿ ಓಡಿಹೋಗಿ ಅವನ ಕಾಲು ಹಿಡಿದು, ಇದ್ದದ್ದನ್ನು ಇದ್ದಂತೆ ಹೇಳಿದ. ರೈತ ಬಾಯಿಗೆ ಬಂದಂತೆ ಬೈದ. ಬೈಯುತ್ತಲೇ ಗುದ್ದಲಿ ತೆಗೆದುಕೊಂಡು ಜೊತೆಗೆ ಹೋದ. ಇಬ್ಬರೂ ಕೊಳವೆ ಕಿತ್ತು, ಜೇಡಿಮಣ್ಣು ತುಂಬಿ, ಕಲ್ಲು ಕೂರಿಸಿ ಬಡಿದರು. ಎರಡಾಳಿಗೆ ಒಂದು ಹೊತ್ತಿನ ಕೆಲಸ. ತೂತು ಮುಚ್ಚಿತು.

ರೈತ ಅವನನ್ನು ಕ್ಷಮಿಸಿದ. ಕ್ಷಮಿಸಿದ ಮೇಲೆ ಒಂದು ಮಾತು ಸೇರಿಸಿದ. ಇನ್ನೊಂದು ಸಲ ಇದೇ ರಾಗ ತೆಗೆದುಕೊಂಡು ನನ್ನ ಅಂಗಳಕ್ಕೆ ಬಂದರೆ ಕಾಲು ಮುರಿಯುತ್ತೇನೆ ಎಂದ.

ಜಯಶೀಲ ತಲೆದೂಗಿದ. ರೈತನ ಮಾತು ಅವನಿಗೆ ಸರಿಯೆನಿಸಿತು. ಲೂಕಪ್ಪ ಮೊಣಕಾಲೂರಿ ಎದ್ದ ದಿನ ಜಯಶೀಲನೂ ಅವನಿಗೆ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದ. ಇನ್ನೊಮ್ಮೆ ಬಿದ್ದರೆ ಈ ಬಾಗಿಲಿಗೆ ಬರಬೇಡ ಎಂದಿದ್ದ.

ಮರುವರ್ಷ ನೀರಗಂಟಿ ಮತ್ತೆ ಬಿದಿರು ತೂರಿಸಿದ. ಯಾಕೆ ಎಂದರೆ ಏನು ಹೇಳುವುದು? ತೂತು ಮುಚ್ಚಿತ್ತು, ಆಸೆ ಮುಚ್ಚಿರಲಿಲ್ಲ. ಈ ಸಲ ಕೆರೆ ತುಂಬಿ ನಿಂತಿತ್ತು. ಮೊದಲನೆಯ ದಿನವೇ ಮಣ್ಣು ಒಸರಿತು. ತೂತು ಬೆರಳಿನಷ್ಟಿತ್ತು. ನೀರಗಂಟಿ ರೈತನ ಮನೆಯ ಕಡೆ ಹೊರಟ. ಅರ್ಧ ದಾರಿಯಲ್ಲಿ ಹೋದ ವರ್ಷದ ಮಾತು ನೆನಪಾಗಿ ತಿರುಗಿದ. ಒಬ್ಬನೇ ಮಣ್ಣು ಮೆತ್ತಿದ. ಅದು ಒಬ್ಬನ ಕೆಲಸವಲ್ಲ, ಮೆತ್ತಿದ್ದು ಮೆತ್ತಿದಂತೆ ಕರಗಿತು. ಎರಡನೆಯ ದಿನ ತೂತು ತೋಳಿನಷ್ಟಾಯಿತು. ಅವನು ರೈತನ ಅಂಗಳದ ಬೇಲಿಯವರೆಗೆ ಬಂದು ನಿಂತ.

ರೈತ ಒಳಗಿನಿಂದ ಅವನನ್ನು ಕಂಡ. ಮತ್ತೇನೋ ಮಾಡಿಕೊಂಡು ಬಂದಿದ್ದಾನೆ ಎಂದು ಮುಖ ನೋಡಿಯೇ ಗೊತ್ತಾಯಿತು. ಏನು ಎಂದು ಕೇಳಲಿಲ್ಲ. ಕೇಳಿದರೆ ಕ್ಷಮಿಸಬೇಕಾದೀತು ಎಂದು ಬಾಗಿಲು ಹಾಕಿಕೊಂಡ. ನೀರಗಂಟಿ ಬಿಸಿಲು ಇಳಿಯುವವರೆಗೆ ನಿಂತಿದ್ದು ಹೋದ.

ಈ ಸಲ ಜಯಶೀಲ ತಲೆದೂಗಲಿಲ್ಲ. ಲೂಕಪ್ಪ ಗೇಟಿಗೆ ಬಂದದ್ದು ಇವತ್ತೇ ಮೊದಲಲ್ಲ. ಮೊನ್ನೆ ಬಂದಿದ್ದ. ನಿನ್ನೆಯೂ ಬಂದಿದ್ದ. ಎರಡು ದಿನವೂ ಜಯಶೀಲ ಅವನನ್ನು ಕಂಡೂ ಬೀಗ ತೆಗೆದಿರಲಿಲ್ಲ. ಅಯ್ಯನವರಿಗೆ ಇದು ಗೊತ್ತಿಲ್ಲವೆಂದು ಅವನು ತಿಳಿದಿದ್ದ.

ಮೂರನೆಯ ದಿನ ನಡುಮಧ್ಯಾಹ್ನ ಏರಿ ಒಡೆಯಿತು. ರೈತನ ಭತ್ತ ತೆನೆ ಬಿಟ್ಟಿತ್ತು. ಭತ್ತ ಹೋಯಿತು, ಬದು ಹೋಯಿತು, ಗದ್ದೆಯಂಚಿನ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎರಡೆತ್ತೂ ಹೋದವು. ನೀರಗಂಟಿ ಓಡಿಹೋಗಿರಲಿಲ್ಲ. ಸೊಂಟದ ತನಕ ಕೆಸರಿನಲ್ಲಿ ನಿಂತಿದ್ದ. ರೈತ ಅವನ ಕುತ್ತಿಗೆಗೆ ಕೈ ಹಾಕಿದ.

"ಕಳ್ಳ ನನ್ಮಗನೇ, ತೂತು ಸಣ್ಣದಿದ್ದಾಗಲೇ ಬಂದು ಹೇಳುವುದಕ್ಕೆ ನಿನಗೇನು ರೋಗ ಬಂದಿತ್ತು?"

"ಮೊದಲನೆಯ ದಿನ ಕಾಲು ಮುರಿದೀರಿ ಎಂದು ಹೆದರಿ ಅರ್ಧ ದಾರಿಯಿಂದ ತಿರುಗಿದೆ, ಯಜಮಾನರೇ" ಎಂದ ನೀರಗಂಟಿ. "ಎರಡನೆಯ ದಿನ, ಕಾಲು ಹೋದರೆ ಹೋಗಲಿ ಎಂದು ಬಂದೆ. ನೀವು ಬಾಗಿಲು ಹಾಕಿಕೊಂಡಿರಿ."

ಅಯ್ಯನವರು ಇಷ್ಟಕ್ಕೆ ನಿಲ್ಲಿಸಿದರು. ಜಯಶೀಲನಿಗೆ ಮೈಯೆಲ್ಲ ಉರಿಯಿತು. ಕತೆ ತನ್ನ ಕಡೆಗೆ ತಿರುಗುತ್ತಿದೆ ಎಂದು ಅವನಿಗೆ ಗೊತ್ತಾಗಿತ್ತು, ಅದಕ್ಕೇ ದನಿ ಏರಿತು.

"ಹಾಗಾದರೆ ತಪ್ಪೆಲ್ಲ ರೈತನದೇ? ಬಿದಿರು ತೂರಿಸಿದವನು ಯಾರು? ಎತ್ತು ಕಳೆದುಕೊಂಡವನನ್ನೇ ಬೈಯುವ ನ್ಯಾಯ ಎಲ್ಲಿಯದು?"

ಬಿದಿರು ತೂರಿಸಿದವನು ನೀರಗಂಟಿಯೇ ಎಂದರು ಅಯ್ಯನವರು. ಅದು ಪಾಪವೇ, ಎರಡನೆಯ ಸಲ ಮಾಡಿದ್ದು ಇನ್ನೂ ದೊಡ್ಡ ಪಾಪ, ರೈತ ಸಿಟ್ಟಾದದ್ದೂ ಸರಿಯೇ ಎಂದರು. ಹೋದ ವರ್ಷವೂ ಅವನು ಸಿಟ್ಟಾಗಿದ್ದ, ಆದರೆ ಸಿಟ್ಟಿನ ಜೊತೆಗೆ ಗುದ್ದಲಿಯನ್ನೂ ಹಿಡಿದು ಹೋಗಿದ್ದ. ಕ್ಷಮಿಸುವುದೆಂದರೆ ತೂತು ಇಲ್ಲವೆನ್ನುವುದಲ್ಲ, ತೂತನ್ನು ಹಾಗೇ ಬಿಡುವುದೂ ಅಲ್ಲ. ತೂತಿದೆ ಎಂದು ಹೇಳಲು ಬಂದವನ ಜೊತೆ ಮಣ್ಣು ಹೊತ್ತು ಹೋಗುವುದು. ಎಷ್ಟು ಸಲ ಎಂದು ಕೇಳಿದೆಯಲ್ಲ, ಏರಿ ಎಷ್ಟು ಸಲ ಒಸರಿದರೆ ಮುಚ್ಚುವುದನ್ನು ಬಿಡುತ್ತೀಯ ಎಂದು ಅಯ್ಯನವರು ಕೇಳಿದರು.

ಲೂಕಪ್ಪ ಬೇರೆ, ನೀರಗಂಟಿ ಬೇರೆ ಎಂದ ಜಯಶೀಲ. ಬೀಗದ ಕೈ ಅವನ ಮುಷ್ಟಿಯಲ್ಲಿ ಒತ್ತುತ್ತಿತ್ತು. ಅಯ್ಯನವರು ಅದನ್ನೇ ನೋಡಿದರು. ಕತೆ ಹೇಳುವಾಗ ಅವರ ದನಿಯಲ್ಲಿದ್ದ ಸಿಟ್ಟು ಯಾರ ಮೇಲಿತ್ತೆಂದು ಜಯಶೀಲನಿಗೆ ಆಗ ತಿಳಿಯಿತು. ಅಯ್ಯನವರು ಕೇಳಿದರು:

"ಲೂಕಪ್ಪ ಬಂದು ಗೇಟಿನ ಹೊರಗೆ ನಿಲ್ಲುತ್ತಿರುವುದು ಇವತ್ತಿಗೆ ಎಷ್ಟನೆಯ ದಿನ?"